ಪಿಯುಸಿ ಮುಗಿಯಿತು, ಮ್ಯೂಸಿಕ್ ಪರ್ಫಾರ್ಮೆನ್ಸ್ ಡಿಪ್ಲೊಮಾಕ್ಕೆ ಸೇರಿಸಲೇ?

ಪ್ರಶ್ನೆ: ನಮ್ಮದು ನಾಪೋಕ್ಲು ಪಕ್ಕದ ಹಳ್ಳಿ. ಸ್ವಲ್ಪ ಕಾಫಿ ತೋಟ ಇದೆ. ಮಗಳು ಈ ವರ್ಷ ದ್ವಿತೀಯ ಪಿಯುಸಿ ಕಾಮರ್ಸ್ ಪಾಸಾದಳು. ಚಿಕ್ಕಂದಿನಿಂದ ಕೀಬೋರ್ಡ್ ನುಡಿಸುತ್ತಾಳೆ, ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಯಲ್ಲಿ ಐದನೇ ಗ್ರೇಡ್ ಆಗಿದೆ, ಹಾಡುತ್ತಾಳೆ ಕೂಡ. ಈಗ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಒಂದು ವರ್ಷದ ಮ್ಯೂಸಿಕ್ ಪರ್ಫಾರ್ಮೆನ್ಸ್ ಡಿಪ್ಲೊಮಾ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ‘ಅಂತಾರಾಷ್ಟ್ರೀಯ ಲೆವೆಲ್ 3’ ಎಂದು ಅವರ ಪುಸ್ತಿಕೆಯಲ್ಲಿದೆ. ಶುಲ್ಕ ಹೆಚ್ಚುಕಡಿಮೆ ನಮ್ಮ ಒಂದು ವರ್ಷದ ಕಾಫಿ ದುಡ್ಡು. ಬಿ.ಕಾಂ. ಮಾಡಲಿ, ಸಂಗೀತ ಜೊತೆಗಿರಲಿ ಎನ್ನುತ್ತಾರೆ ಅವಳ ಅಪ್ಪ. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಆಮೇಲೆ ಕೆಲಸ ಸಿಗುತ್ತದೆಯೇ?

ಉತ್ತರ: ಈ ವರ್ಷ ಆ ಕೋರ್ಸಿಗೆ ದುಡ್ಡು ಕಟ್ಟಬೇಡಿ. ಬರುವ ವರ್ಷ ಕಟ್ಟಬಹುದು, ಅದೂ ನೀವೇ ಹೋಗಿ ನೋಡಿ, ಕೇಳಿ ಬಂದ ಮೇಲೆ. ಇದರರ್ಥ ನಿಮ್ಮ ಯಜಮಾನರು ಗೆದ್ದರು, ಮಗಳು ಸೋತಳು ಎಂದಲ್ಲ. ಇಂಥ ಕೋರ್ಸುಗಳಲ್ಲಿ ಪಾಠ ಮಾಡಿದವನು, ಆಡಿಷನ್ ಮೇಜಿನ ಆಚೆ ಕೂತವನು ನಾನು. ಸರಿಯಾದ ಕಡೆ, ಸರಿಯಾದ ತಯಾರಿಯೊಂದಿಗೆ ಸೇರಿದವರು ಒಂದೇ ವರ್ಷದಲ್ಲಿ ಗುರುತು ಸಿಗದಷ್ಟು ಬೆಳೆದದ್ದನ್ನು ನೋಡಿದ್ದೇನೆ. ತಯಾರಿ ಇಲ್ಲದೆ ಬಂದವರು ಅದೇ ಶುಲ್ಕ ತೆತ್ತು, ಊರಿನ ಮೇಷ್ಟರ ಹತ್ತಿರ ಕಲಿಯಬಹುದಾದದ್ದನ್ನೇ ಕಲಿತು ಹೋಗುತ್ತಾರೆ.

ಮೊದಲು ಆ ‘ಲೆವೆಲ್ 3’ ಲೆಕ್ಕ ಬಗೆಹರಿಸೋಣ, ಪೋಷಕರು ಹೆಚ್ಚಾಗಿ ಎಡವುವುದು ಅಲ್ಲೇ. ಇದು ಬ್ರಿಟನ್ನಿನ ಅರ್ಹತಾ ಶ್ರೇಣಿ. ಅಲ್ಲಿ ಲೆವೆಲ್ 3 ಎಂದರೆ ಶಾಲೆ ಮುಗಿಸಿ ಪದವಿಗೆ ಹೋಗುವ ಮೊದಲಿನ ಹಂತ, ನಮ್ಮ ಪಿಯುಸಿಗೆ ಸಮೀಪದ್ದು. ಅಲ್ಲಿನ ವೃತ್ತಿಪರ ಕಾಲೇಜುಗಳಲ್ಲಿ 16ರಿಂದ 18ರ ಹುಡುಗ ಹುಡುಗಿಯರು ಇದನ್ನು ಓದುತ್ತಾರೆ. ‘ಬಿಟೆಕ್’ ಎಂಬ ಹೆಸರಿನಲ್ಲಿ 1984ರಿಂದ ನಡೆದು ಬಂದ ಪದ್ಧತಿ ಇದರಲ್ಲಿ ಮುಖ್ಯವಾದದ್ದು. ನಮ್ಮ ಎಂಜಿನಿಯರಿಂಗ್ ಬಿ.ಟೆಕ್.ಗೂ ಅದಕ್ಕೂ ಸಂಬಂಧವಿಲ್ಲ. ಟ್ರಿನಿಟಿಯ ಗ್ರೇಡುಗಳೂ ಇದೇ ಶ್ರೇಣಿಯಲ್ಲಿ ಬರುತ್ತವೆ: 4 ಮತ್ತು 5ನೇ ಗ್ರೇಡ್ ಎಂದರೆ ಲೆವೆಲ್ 2; 6, 7, 8ನೇ ಗ್ರೇಡ್ ಎಂದರೆ ಲೆವೆಲ್ 3; ಅದರ ಮೇಲೆ ಟ್ರಿನಿಟಿಯದೇ ಡಿಪ್ಲೊಮಾಗಳಾದ ಎಟಿಸಿಎಲ್ ಲೆವೆಲ್ 4, ಎಲ್‌ಟಿಸಿಎಲ್ ಲೆವೆಲ್ 6. ಅಂದರೆ ನಿಮ್ಮ ಮಗಳು ಈಗ ನಿಂತಿರುವುದು ಒಂದು ಮೆಟ್ಟಿಲು ಕೆಳಗೆ. ಕೋರ್ಸು ಮುಗಿಸಿದಾಗ ಕೈಗೆ ಬರುವುದು ಓದಿನ ಲೆಕ್ಕದಲ್ಲಿ ಅವಳ ಬಳಿ ಆಗಲೇ ಇರುವ ಪಿಯುಸಿ ಮಟ್ಟದ್ದೇ ಪತ್ರ. ಡಿಪ್ಲೊಮಾದ ಪಾಠದ ಗಂಟೆಗಳು ಗ್ರೇಡ್ ಪರೀಕ್ಷೆಗಿಂತ ಎಷ್ಟೋ ಪಾಲು ಹೆಚ್ಚು, ಆ ಮಾತು ಒಪ್ಪಬೇಕು. ಆದರೆ ನಾಳೆ ಎಂ.ಎ. ಮಾಡುತ್ತೇನೆ, ಬ್ಯಾಂಕ್ ಪರೀಕ್ಷೆ ಬರೆಯುತ್ತೇನೆ ಎಂದರೆ ಅದು ಪದವಿಯ ಜಾಗದಲ್ಲಿ ನಿಲ್ಲುವುದಿಲ್ಲ. ಪುಸ್ತಿಕೆಯಲ್ಲಿ ‘ಅಂತಾರಾಷ್ಟ್ರೀಯ’ ಎಂಬ ಪದ ದಪ್ಪಕ್ಷರದಲ್ಲಿ, ಈ ವಿಷಯ ಸಣ್ಣಕ್ಷರದಲ್ಲಿ ಇರುವುದು ವಾಡಿಕೆ. ಅಂದಹಾಗೆ ಲಂಡನ್ನಿನ ಸಂಗೀತ ಪರೀಕ್ಷೆಗಳು ನಮ್ಮ ಕಡೆಗೆ ಹೊಸದೇನಲ್ಲ. ಜಯಚಾಮರಾಜೇಂದ್ರ ಒಡೆಯರು ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆಗಿದ್ದರು, 1945ರಲ್ಲಿ ಟ್ರಿನಿಟಿ ಕಾಲೇಜಿನ ಗೌರವ ಫೆಲೊ ಆದರು.

ಹಾಗಾದರೆ ಪತ್ರಕ್ಕಲ್ಲದಿದ್ದರೆ ಜನ ಅಲ್ಲಿಗೆ ಯಾಕೆ ಹೋಗಬೇಕು? ಜೊತೆಯಲ್ಲಿ ನುಡಿಸುವುದಕ್ಕೆ. ನಿಮ್ಮ ಮಗಳು ಇಷ್ಟು ವರ್ಷ ಕಲಿತದ್ದು ಒಬ್ಬಳೇ ಕೂತು. ಗ್ರೇಡ್ ಪರೀಕ್ಷೆಯೂ ಒಬ್ಬಳೇ, ಎದುರಿಗೆ ಒಬ್ಬ ಪರೀಕ್ಷಕ. ಕಾಲೇಜಿನ ತಾಲೀಮು ಕೋಣೆಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕೋರ್ಸಿನ ಬೆಲೆ ಇರುವುದು ಅಲ್ಲಿಯೇ.

ಕೋಣೆಯಲ್ಲಿ ಆರು ಜನ. ಡ್ರಮ್ಸ್, ಬೇಸ್ ಗಿಟಾರ್, ಒಂದು ಎಲೆಕ್ಟ್ರಿಕ್ ಗಿಟಾರ್, ಕೀಬೋರ್ಡ್, ಇಬ್ಬರು ಹಾಡುವವರು. ಡ್ರಮ್ಮರ್ ಕೋಲಿಗೆ ಕೋಲು ತಟ್ಟಿ ನಾಲ್ಕು ಎಣಿಸುತ್ತಾನೆ. ಪಲ್ಲವಿ ಚೆನ್ನಾಗಿಯೇ ಹೋಗುತ್ತದೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಹಾಡುವವಳಿಗೆ ಉಸಿರು ಸಾಲದೆ ಒಂದು ಆವರ್ತ ತಡವಾಗಿ ಎತ್ತುತ್ತಾಳೆ. ಡ್ರಮ್ಮರ್ ಅವಳ ಹಿಂದೆ ಹೋಗುತ್ತಾನೆ. ಕೀಬೋರ್ಡಿನ ಹುಡುಗಿ ಬಾಯಿಪಾಠ ಮಾಡಿಕೊಂಡದ್ದರ ಹಿಂದೆ ಹೋಗುತ್ತಾಳೆ. ಕ್ಷಣದಲ್ಲಿ ಕೋಣೆಯೊಳಗೆ ಎರಡು ಹಾಡು ನಡೆಯುತ್ತಿರುತ್ತವೆ. ಒಳ್ಳೆಯ ಮೇಷ್ಟರು ಆಗ ಕೈಯೆತ್ತಿ ನಿಲ್ಲಿಸುವುದಿಲ್ಲ, ‘ಕೊನೇತನಕ ಹೋಗಿ’ ಎನ್ನುತ್ತಾರೆ. ವೇದಿಕೆಯ ಮೇಲೆ ಯಾರೂ ನಿಲ್ಲಿಸಿ ಮೊದಲಿಂದ ಶುರುಮಾಡಿ ಎನ್ನುವುದಿಲ್ಲವಲ್ಲ. ಮುಗಿದ ಮೇಲೆ ರೆಕಾರ್ಡಿಂಗ್ ಹಾಕಿ ಕೇಳಿಸಿ ಒಂದೇ ಪ್ರಶ್ನೆ ಕೇಳುತ್ತಾರೆ: ಆ ಹೊತ್ತಿಗೆ ನೀವು ಯಾರನ್ನು ಕೇಳಿಸಿಕೊಳ್ಳುತ್ತಿದ್ದಿರಿ?

ಇನ್ನೊಂದು. ಒಂಟಿಯಾಗಿ ಕಲಿತ ಕೀಬೋರ್ಡಿಗರ ಎಡಗೈ ಸದಾ ಮಂದ್ರದಲ್ಲಿ ಓಡಾಡುತ್ತಿರುತ್ತದೆ. ಬ್ಯಾಂಡಿನಲ್ಲಿ ಆ ಜಾಗ ಬೇಸ್ ಗಿಟಾರಿನದು. ಇಬ್ಬರೂ ಅಲ್ಲೇ ಸೇರಿದರೆ ಕೇಳುವವರಿಗೆ ಗುಂಯ್ ಎಂಬ ಶಬ್ದ ಬಿಟ್ಟು ಏನೂ ತಿಳಿಯದು. ಆದ್ದರಿಂದ ಮೊದಲ ತಿಂಗಳು ಆಕೆಗೆ ಸಿಗುವ ಪಾಠ ‘ಎಡಗೈ ಎತ್ತು’ ಎಂಬುದು. ಕಷ್ಟಪಟ್ಟು ಕಲಿತದ್ದನ್ನು ಬಿಡು ಎಂದಾಗ ಮಕ್ಕಳ ಮುಖ ನೋಡಬೇಕು! ಆದರೆ ಕಡಿಮೆ ನುಡಿಸುವುದನ್ನು ಮನೆಯಲ್ಲಿ ಒಬ್ಬರೇ ಕೂತು ಕಲಿಯಲಾಗದು, ಜೊತೆಗೆ ನುಡಿಸುವವರು ಬೇಕು.

ಮೂರನೆಯದು ಶ್ರುತಿ. ಹಾಡುವವಳು ಬಂದು ‘ನನಗೆ ಐದೂವರೆ ಮನೆ ಬೇಕು’ ಎನ್ನುತ್ತಾಳೆ, ಅಂದರೆ ಪಾಶ್ಚಾತ್ಯ ಲೆಕ್ಕದಲ್ಲಿ ಜಿ ಶಾರ್ಪ್. ಮಗಳು ಆ ಹಾಡನ್ನು ಕಲಿತದ್ದು ಬಿಳಿ ಒಂದರಲ್ಲಿ, ಸಿ ಮೇಜರಿನಲ್ಲಿ. ಕೀಬೋರ್ಡಿನಲ್ಲಿ ಶ್ರುತಿಯನ್ನು ತಾನಾಗಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರೆ ಮುಗಿಯಿತಲ್ಲ ಎನ್ನಬಹುದು. ಎದುರಿಗೆ ನಿಜವಾದ ಪಿಯಾನೊ ಇಟ್ಟ ದಿನ, ಅಥವಾ ಗಿಟಾರಿನವನು ‘ಯಾವ ಕಾರ್ಡು?’, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ ಯಾವುದು, ಎಂದು ಕೇಳಿದಾಗ ಇವಳು ಒಂದು ಹೇಳಿ ಇನ್ನೊಂದು ಕೇಳಿಸಿದ ದಿನ, ಆ ಗುಂಡಿಯ ಬಣ್ಣ ಬಯಲಾಗುತ್ತದೆ. ಕಾರ್ಡುಗಳನ್ನು ಹೆಸರಿನಿಂದಲ್ಲದೆ ಸ್ಥಾನದಿಂದ, ಅಂದರೆ ಷಡ್ಜದ್ದು, ಮಧ್ಯಮದ್ದು, ಪಂಚಮದ್ದು ಎಂದು ತಿಳಿದುಕೊಂಡವರಿಗೆ ಹನ್ನೆರಡು ಶ್ರುತಿಯೂ ಒಂದೇ. ಇದನ್ನು ಅವಳು ನಾಳೆಯಿಂದಲೇ ಮನೆಯಲ್ಲಿ ಶುರುಮಾಡಬಹುದು, ನಯಾಪೈಸೆ ಖರ್ಚಿಲ್ಲ.

ಉಳಿದಂತೆ ಸಂಗೀತ ಶಾಸ್ತ್ರ, ಕಿವಿ ತರಬೇತಿ, ರೆಕಾರ್ಡಿಂಗ್ ತಂತ್ರಾಂಶ, ಒಂದಿಷ್ಟು ‘ಮ್ಯೂಸಿಕ್ ಬಿಸಿನೆಸ್’ ಇರುತ್ತವೆ. ಇವುಗಳಲ್ಲಿ ಬಹುಪಾಲು ಹೊರಗೂ ಕಲಿಯಬಹುದು. ಬಿಸಿನೆಸ್ ಪಾಠದಲ್ಲಿ ಒಂದನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಲಿ: ಸ್ವಂತ ಹಾಡು ಕಟ್ಟಿದರೆ ಅದರ ಹಕ್ಕು ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಅವಳ ಕಡೆಯದು. ಸ್ಟುಡಿಯೋದವರು ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಿ ಅದನ್ನು ಕಳೆದುಕೊಳ್ಳಬಾರದು.

ಈಗ ಕಾಲೇಜು ನೋಡಲು ಹೋಗುವ ಮಾತು. ‘ಓಪನ್ ಡೇ’ಗೆ ಹೋಗಬೇಡಿ, ಆ ದಿನ ಎಲ್ಲರೂ ಮದುವೆ ಮನೆಯವರಂತೆ ಸಿಂಗರಿಸಿಕೊಂಡಿರುತ್ತಾರೆ. ಯಾವುದಾದರೂ ಮಾಮೂಲಿ ಬುಧವಾರ ಮಧ್ಯಾಹ್ನ ಹೋಗಿ, ತಾಲೀಮು ಕೋಣೆಗಳ ಹೊರಗೆ ನಿಂತುಕೊಳ್ಳಿ. ಒಳಗಿನಿಂದ ನಾಲ್ಕೈದು ವಾದ್ಯ ಒಟ್ಟಿಗೆ ಕೇಳಿಸುತ್ತಿದೆಯೇ, ಇಲ್ಲ ಕೋಣೆಗಳಿಗೆ ಬೀಗವೇ? ವಾರಕ್ಕೆ ಎಷ್ಟು ಗಂಟೆ ಗುಂಪಿನಲ್ಲಿ ನುಡಿಸುತ್ತಾರೆ ಎಂದು ಕಚೇರಿಯವರನ್ನಲ್ಲ, ಕ್ಯಾಂಟೀನಿನಲ್ಲಿ ಕೂತ ವಿದ್ಯಾರ್ಥಿಯನ್ನು ಕೇಳಿ. ಆರು ಗಂಟೆಗಿಂತ ಕಡಿಮೆ ಎಂದರೆ ನನ್ನ ಮಟ್ಟಿಗೆ ಅದು ಪರ್ಫಾರ್ಮೆನ್ಸ್ ಕೋರ್ಸೇ ಅಲ್ಲ. ಅವಳ ಮುಖ್ಯ ವಾದ್ಯಕ್ಕೆ ಒಬ್ಬರಿಗೊಬ್ಬರು ಪಾಠ ವಾರಕ್ಕೆ ಎಷ್ಟು ಹೊತ್ತು, ಕಲಿಸುವವರು ಈಗಲೂ ವೇದಿಕೆಯಲ್ಲಿ ನುಡಿಸುತ್ತಾರೆಯೇ, ಸಂಜೆ ಏಳರ ಮೇಲೆ ಅಭ್ಯಾಸಕ್ಕೆ ಕೋಣೆ ತೆರೆದಿರುತ್ತದೆಯೇ, ಇವನ್ನೂ ಕೇಳಿ. ಪೋಷಕರಲ್ಲದ ಹೊರಗಿನ ಜನರ ಮುಂದೆ ವರ್ಷಕ್ಕೆ ಎಷ್ಟು ಕಾರ್ಯಕ್ರಮ ಎಂದೂ ಕೇಳಿ. ಅಪ್ಪ ಅಮ್ಮ ಚಪ್ಪಾಳೆ ತಟ್ಟುವುದು ಲೆಕ್ಕಕ್ಕಿಲ್ಲ. ಕಡೆಯದಾಗಿ, ಆಡಿಷನ್ ಇಲ್ಲದೆ ಸೇರಿಸಿಕೊಳ್ಳುವ ಕಡೆ ಹೋಗಲೇಬೇಡಿ. ಅವಳ ಕಲಿಕೆ ನಿಂತಿರುವುದು ಜೊತೆಗಿರುವ ಐವರ ಮೇಲೆ. ದುಡ್ಡು ಕಟ್ಟಿದ ಎಲ್ಲರೂ ಒಳಗೆ ಬಂದರೆ ಆ ಐವರು ಯಾರಾಗಿರುತ್ತಾರೋ ಯಾರು ಬಲ್ಲರು.

ಕೆಲಸದ ಪ್ರಶ್ನೆಗೆ ಬರೋಣ. ಡಿಪ್ಲೊಮಾ ನೋಡಿ ಯಾರೂ ನುಡಿಸಲು ಕರೆಯುವುದಿಲ್ಲ. ಹಿಂದಿನ ಕಾರ್ಯಕ್ರಮದಲ್ಲಿ ಜೊತೆಗಿದ್ದ ಡ್ರಮ್ಮರ್ ಫೋನ್ ಮಾಡುತ್ತಾನೆ, ‘ಶನಿವಾರ ಖಾಲಿ ಇದ್ದೀಯಾ?’ ಅಂತ. ಸಮಯಕ್ಕೆ ಬರುವವಳು, ಹಾಡು ಕಲಿತು ಬರುವವಳು, ಶ್ರುತಿ ಬದಲಿಸಿದರೆ ಮುಖ ಸಿಂಡರಿಸದವಳು ಎಂಬ ಹೆಸರು ಬಂದರೆ ಫೋನು ಬರುತ್ತಿರುತ್ತದೆ. ಕೊಡಗಿನಲ್ಲೇ ಈ ಕೆಲಸ ಇಲ್ಲವೆಂದಲ್ಲ. ರೆಸಾರ್ಟುಗಳಿವೆ, ಕೊಡವ ಸಮಾಜಗಳ ಮದುವೆಗಳಿವೆ, ಮಡಿಕೇರಿ ದಸರೆಯಲ್ಲಿ ಗಾಂಧಿ ಮೈದಾನದ ಕಾರ್ಯಕ್ರಮಗಳಿವೆ, ಗೋಣಿಕೊಪ್ಪಲಿನ ದಸರೆಯಿದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಮದುವೆಯೂ ಇಲ್ಲ, ಪ್ರವಾಸಿಗರೂ ಕಡಿಮೆ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಇರುವುದರಿಂದ ಬಯಲು ಕಾರ್ಯಕ್ರಮದ ಅವಧಿಯೂ ಸಣ್ಣದು. ಹಾಗಾಗಿ ನುಡಿಸುವವರಲ್ಲಿ ಹೆಚ್ಚಿನವರ ಮನೆ ನಡೆಯುವುದು ಮಕ್ಕಳಿಗೆ ಪಾಠ ಹೇಳುವುದರಿಂದ. ಇದನ್ನು ಸೋಲು ಎಂದುಕೊಳ್ಳುವವರು ಈ ದಾರಿಗೆ ಬರದಿರುವುದೇ ಕ್ಷೇಮ. ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ಕೀಬೋರ್ಡನ್ನು ಕ್ರಮವಾಗಿ ಕಲಿಸುವವರಿಗೆ ಮಕ್ಕಳು ಸಿಗದೆ ಹೋಗುವುದಿಲ್ಲ.

ಮಡಿಕೇರಿ ಆಕಾಶವಾಣಿಯನ್ನು ಈ ಕಾಲದ ಮಕ್ಕಳು ಮರೆತಿದ್ದಾರೆ. ಅಲ್ಲಿ ಆಡಿಷನ್ ಕೊಟ್ಟು ಶ್ರೇಣಿ ಪಡೆಯುವ ವ್ಯವಸ್ಥೆ ಇದೆ: ಬಿ, ಬಿ ಹೈ, ಎ, ಟಾಪ್. ಶಾಸ್ತ್ರೀಯ, ಸುಗಮ ಸಂಗೀತ, ಜಾನಪದ ಹಾಡುವವರಿಗೆ ಬಿ ಶ್ರೇಣಿ ಸಿಕ್ಕರೂ ಊರಿನಲ್ಲಿ ಅದಕ್ಕೆ ಬೆಲೆಯಿದೆ. ಖಾಸಗಿ ಕಾಲೇಜಿನ ಪತ್ರಕ್ಕಿಂತ ಜಾಸ್ತಿಯೇ ಎಂದು ನನ್ನ ಅಭಿಪ್ರಾಯ.

ಬೇರೆ ದಾರಿಗಳನ್ನು ಚುಟುಕಾಗಿ ಹೇಳುತ್ತೇನೆ. ನಿಮ್ಮಿಂದ ಮೂರೂವರೆ ನಾಲ್ಕು ಗಂಟೆ ದೂರದ ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ, ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿದೆ. ಅಲ್ಲಿ ಸಿಗುವುದು ಪದವಿ, ಸರ್ಕಾರದ ಲೆಕ್ಕಕ್ಕೆ ಬರುವಂಥದ್ದು, ಶುಲ್ಕವೂ ಖಾಸಗಿಯವರಿಗೆ ಹೋಲಿಸಿದರೆ ಏನೇನೂ ಅಲ್ಲ. ಆದರೆ ಅಲ್ಲಿನ ಸಂಗೀತ ಮುಖ್ಯವಾಗಿ ಕರ್ನಾಟಕ ಮತ್ತು ಹಿಂದೂಸ್ತಾನಿ. ಮಗಳ ಜೀವ ಕೀಬೋರ್ಡಿನಲ್ಲಿದ್ದರೆ ಅಲ್ಲಿ ಕೊರಗುತ್ತಾಳೆ, ಹಾಡಿನಲ್ಲಿದ್ದರೆ ಅರಳುತ್ತಾಳೆ. ಇದನ್ನು ಅವಳೇ ಹೇಳಬೇಕು. ನಿಮ್ಮ ಪತ್ರದಲ್ಲಿ ‘ಹಾಡುತ್ತಾಳೆ ಕೂಡ’ ಎಂದಿದೆ. ಆ ‘ಕೂಡ’ ನಿಮ್ಮದೋ ಅವಳದೋ ನನಗೆ ತಿಳಿಯಲಿಲ್ಲ. ನಾಟಕದ ಸಂಗೀತ ಇಷ್ಟವಿದ್ದರೆ ರಂಗಾಯಣದ ಮತ್ತು ನೀನಾಸಂನ ಒಂದು ವರ್ಷದ ರಂಗಶಿಕ್ಷಣ ಕೋರ್ಸುಗಳನ್ನು ನೋಡಿ. ಪಾಠ ರಂಗಭೂಮಿಯದ್ದಾದರೂ ಗುಂಪಿನಲ್ಲಿ ಕಿವಿ ತೆರೆದಿಡುವುದನ್ನು ಅಲ್ಲಿನಷ್ಟು ಚೆನ್ನಾಗಿ ಕಲಿಸುವ ಜಾಗಗಳು ಕಡಿಮೆ. ಪಾಶ್ಚಾತ್ಯ ಸಂಗೀತವೇ ಬೇಕೆಂದರೆ ಬೆಂಗಳೂರಿನಲ್ಲಿ 1987ರಿಂದ ನಡೆಯುತ್ತಿರುವ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ, ಚೆನ್ನೈನಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಸ್ಥಾಪಿಸಿದ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಇದೆ. ಎಲ್ಲಿಗೆ ಹೋದರೂ ಮೇಲೆ ಹೇಳಿದ ಪ್ರಶ್ನೆಗಳನ್ನೇ ಕೇಳಿ.

ವಿದ್ಯಾರ್ಥಿವೇತನ ಎಂದರೆ ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25ರ ಯುವ ಕಲಾವಿದರಿಗೆ ತಿಂಗಳಿಗೆ ₹5,000ದಂತೆ ಎರಡು ವರ್ಷ ಕೊಡುವುದೊಂದಿದೆ. ಅದು ಭಾರತೀಯ ಶಾಸ್ತ್ರೀಯ, ಲಘು ಶಾಸ್ತ್ರೀಯ, ಜಾನಪದ ಕಲೆಗಳಿಗೆ. ಬ್ಯಾಂಡಿನ ಕೀಬೋರ್ಡಿಗೆ ಸಿಗದು.

ಇನ್ನು ಈ ಒಂದು ವರ್ಷ ಏನು ಮಾಡಬೇಕು? ಬಿ.ಕಾಂ.ಗೆ ಸೇರಲಿ, ಅಪ್ಪನ ಮನಸ್ಸಿಗೂ ಸಮಾಧಾನ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಸೇರುವ ಬದಲು ಸಾಧ್ಯವಿದ್ದರೆ ಮೈಸೂರಿನಲ್ಲಿ ಸೇರಲಿ, ಜೊತೆಗೆ ನುಡಿಸುವವರು ಅಲ್ಲಿ ಬೇಗ ಸಿಗುತ್ತಾರೆ. ಮನೆಯಲ್ಲೇ ಇರಬೇಕೆಂದರೆ ಇಬ್ಬರನ್ನು ಹುಡುಕಿಕೊಳ್ಳಲಿ, ಒಬ್ಬ ಗಿಟಾರಿನವನು, ಒಬ್ಬ ತಬಲಾವೋ, ಪೆಟ್ಟಿಗೆಯಂಥ ತಾಳವಾದ್ಯ ಕಹೋನೋ ನುಡಿಸುವವನು. ಚರ್ಚಿನ ಗಾಯನ ತಂಡ, ಭಜನಾ ಮಂಡಳಿ, ಕಾಲೇಜಿನ ಯುವಜನೋತ್ಸವ ಯಾವುದಾದರೂ ಸರಿ. ವಾರಕ್ಕೊಂದು ದಿನ, ತಪ್ಪದೆ. ಪ್ರತಿ ಸಲವೂ ಫೋನಿನಲ್ಲಿ ರೆಕಾರ್ಡ್ ಮಾಡಿ ಮರುದಿನ ಕೇಳಲಿ. ಅದೇ ದಿನ ಕೇಳಿದರೆ ಎಲ್ಲರಿಗೂ ತಮ್ಮದು ಚೆನ್ನಾಗಿಯೇ ಕೇಳಿಸುತ್ತದೆ.

ಮತ್ತೆ, ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಕಲಿಯಹೊರಟಿರುವ ವಿದ್ಯೆ ಒಂದು ಬಗೆಯಲ್ಲಿ ನಿಮ್ಮ ಊರ ಮದುವೆಗಳಲ್ಲೇ ಇದೆ. ಮುಂದಿನ ಮದುವೆಯಲ್ಲಿ ಮಗಳು ಊಟದ ಸಾಲಿಗೆ ಓಡದೆ ವಾಲಗದವರ ಪಕ್ಕದಲ್ಲಿ ಅರ್ಧ ಗಂಟೆ ನಿಲ್ಲಲಿ. ಕೈಯಲ್ಲಿ ಕಾಗದವಿಲ್ಲ, ಎಣಿಸಿಕೊಡುವವರಿಲ್ಲ. ಊದುವ ಹಿರಿಯ ಎತ್ತುಗಡೆ ಬದಲಿಸುತ್ತಾನೆ, ಡೋಲಿನವರು ಆ ಕ್ಷಣಕ್ಕೇ ಹಿಡಿಯುತ್ತಾರೆ. ಕುಣಿಯುವವರ ಕಾಲು ಬಿರುಸಾದರೆ ನಡೆ ಬಿರುಸಾಗುತ್ತದೆ, ಮುದುಕರು ಕಣಕ್ಕಿಳಿದರೆ ತಾನೇ ಇಳಿಯುತ್ತದೆ. ಯಾರು ಯಾರ ಮುಖ ನೋಡುತ್ತಾರೆ, ಯಾವಾಗ ನೋಡುತ್ತಾರೆ ಎಂಬುದನ್ನಷ್ಟೇ ಗಮನಿಸಲಿ. ದುಡಿ ಬಾರಿಸುತ್ತಾ ಹಾಡುವ ಕೊಡವರ ದುಡಿಕೊಟ್ಟ್ ಪಾಟಿನಲ್ಲೂ ಹಾಗೆಯೇ, ನಾಲ್ವರು ಇಬ್ಬಿಬ್ಬರಾಗಿ ಸಾಲು ಹಂಚಿಕೊಂಡು ಹಾಡುವಾಗ ಒಬ್ಬರ ಉಸಿರಿಗೆ ಇನ್ನೊಬ್ಬರು ಹೇಗೆ ಆತುಕೊಳ್ಳುತ್ತಾರೆ ನೋಡಲಿ. ಕಲಿಯಬೇಕು ಎನಿಸಿದರೆ ಕೇಳಿ, ದಕ್ಷಿಣೆ ಕೊಟ್ಟು ಕಲಿಯಲಿ. ಪುಕ್ಕಟೆ ರೆಕಾರ್ಡ್ ಮಾಡಿಕೊಂಡು ಮೇಲೆ ಎಲೆಕ್ಟ್ರಾನಿಕ್ ತಾಳ ಅಂಟಿಸಿ ‘ಫ್ಯೂಷನ್’ ಎಂದು ಯೂಟ್ಯೂಬಿಗೆ ಹಾಕುವವರು ಈಗಾಗಲೇ ಸಾಕಷ್ಟಿದ್ದಾರೆ, ನುಡಿಸಿದವರ ಹೆಸರೂ ಅಲ್ಲಿರುವುದಿಲ್ಲ.

ಕಿವಿಯ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಪುಸ್ತಿಕೆಗಳು ಹೇಳುವುದಿಲ್ಲ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆಯಬಹುದು ಎಂಬುದು ಒಪ್ಪಿತ ಮಿತಿ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧಕ್ಕಿಳಿಯುತ್ತದೆ, 100 ಡೆಸಿಬಲ್‌ಗೆ ಬಂದಾಗ ಉಳಿಯುವುದು 15 ನಿಮಿಷ. ಮುಚ್ಚಿದ ಕೋಣೆಯಲ್ಲಿ ಡ್ರಮ್ಸ್ ಪಕ್ಕ ಕೂತರೆ ಆ ಮಟ್ಟ ಮುಟ್ಟುವುದು ಸುಲಭ. ಮಡಿಕೇರಿ ದಸರೆಯ ರಾತ್ರಿ ಮೆರವಣಿಗೆಯ ದಶಮಂಟಪಗಳ ಸ್ಪೀಕರ್ ಮುಂದೆ ನಿಂತವರಿಗೆ ಹೇಳುವುದೇ ಬೇಡ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಈಗಲೇ ಕೊಡಿಸಿ, ಮೊದಲ ತಾಲೀಮಿಗೇ ಹಾಕಿಕೊಳ್ಳಲಿ.

ಕೀಬೋರ್ಡನ್ನು ಮಳೆಗಾಲದಲ್ಲಿ ಬಟ್ಟೆ ಮುಚ್ಚಿ ಮೂಲೆಗೆ ಒರಗಿಸಬೇಡಿ. ಒಳಗಿನ ಸ್ಪರ್ಶಬಿಂದುಗಳಿಗೆ ಪಸೆ ಹಿಡಿದು ಕೆಲವು ಮನೆಗಳು, ಅಂದರೆ ಕೀಲಿಗಳು, ಮೆಲ್ಲಗೆ ಒತ್ತಿದರೂ ಜೋರಾಗಿ, ಕೆಲವು ಮೂಕವಾಗಿ ಬಿಡುತ್ತವೆ. ದಿನಾ ನುಡಿಸುವುದೇ ಅದಕ್ಕೆ ಒಳ್ಳೆಯ ಮದ್ದು, ಜೊತೆಗೆ ಚೀಲದಲ್ಲಿ ಸಿಲಿಕಾ ಜೆಲ್ ಇರಲಿ. ಈಗಿರುವುದು 61 ಮನೆಯ ಸಾದಾ ವಾದ್ಯವಾದರೆ, ಶುಲ್ಕಕ್ಕೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲು ತೆಗೆದು 88 ಮನೆಯ, ಭಾರವಿರುವ ಕೀಲಿಗಳ ಡಿಜಿಟಲ್ ಪಿಯಾನೊ ಕೊಡಿಸಿ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ಕೊಳ್ಳುವಾಗ ಒಂದೊಂದೇ ಮನೆಯನ್ನು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಒತ್ತಿ ನೋಡಿ. ಹಗುರ ಕೀಲಿಯಲ್ಲಿ ಬೆಳೆದ ಬೆರಳು ಆಡಿಷನ್ನಿನ ಪಿಯಾನೊ ಎದುರು ಸೋಲುವುದು ಖಂಡಿತ.

ಬರುವ ವರ್ಷ ಏಪ್ರಿಲ್ ಹೊತ್ತಿಗೆ ಅವಳು ಯಾವುದೇ ಪರಿಚಿತ ಹಾಡನ್ನು ಗುಂಡಿ ಮುಟ್ಟದೆ ಮೂರು ಶ್ರುತಿಗಳಲ್ಲಿ ನುಡಿಸಬೇಕು, ಕಾರ್ಡುಗಳ ಪಟ್ಟಿ ನೋಡಿ ಹೊಸ ಹಾಡಿಗೆ ಜೊತೆ ಕೊಡಬೇಕು, ಇನ್ನೊಬ್ಬರು ತಪ್ಪಿದಾಗ ಅವರನ್ನು ಹಿಡಿದುಕೊಂಡು ಕೊನೆ ಮುಟ್ಟಿಸಬೇಕು. ಇಷ್ಟಾದರೆ ಆಡಿಷನ್ನಿಗೆ ಕರೆದುಕೊಂಡು ಹೋಗಿ. ಸೀಟು ಸಿಕ್ಕರೆ ಬಿ.ಕಾಂ. ಅನ್ನು ದೂರಶಿಕ್ಷಣಕ್ಕೆ ಬದಲಿಸಲಾಗುತ್ತದೆಯೇ ಎಂದು ಅವಳ ಕಾಲೇಜಿನಲ್ಲಿ ವಿಚಾರಿಸಿ. ಶುಲ್ಕವನ್ನು ಒಟ್ಟಿಗೆ ಕಟ್ಟಬೇಡಿ, ಕಂತು ಮಾಡಿಸಿಕೊಳ್ಳಿ. ಮೊದಲ ಅವಧಿಯ ನಂತರ ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ ಎಂಬುದನ್ನು ಬಾಯಿಮಾತಿನಲ್ಲಲ್ಲ, ಬರವಣಿಗೆಯಲ್ಲಿ ಪಡೆಯಿರಿ.